ಸಕ್ಕರೆ ಕಾಯಿಲೆಯವರಿಗೆ ಯಾವ ಹಣ್ಣು, ಎಷ್ಟು?

ಸಕ್ಕರೆ ಕಾಯಿಲೆ ಈಗ ಕೇವಲ ಪೇಟೆಯವರ ಕಾಯಿಲೆಯಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹಳ್ಳಿಗಳಲ್ಲಿಯೂ ಮನೆಯ ಹಿರಿಯರಲ್ಲಿ ಒಬ್ಬರಾದರೂ ಇದಕ್ಕಾಗಿ ಮಾತ್ರೆ ನುಂಗುತ್ತಿರುವುದು ಸಾಮಾನ್ಯವಾಗಿದೆ.

ಕಾಯಿಲೆ ಇದೆಯೆಂದು ತಿಳಿದ ಕೂಡಲೇ ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಹಣ್ಣು. ತೋಟದಲ್ಲಿ ಸೀಬೆ ಉದುರಿ ಬೀಳುತ್ತಿದ್ದರೂ ಯಜಮಾನರು ಮುಟ್ಟುವುದಿಲ್ಲ. ಆದರೆ ಎರಡು ಮುದ್ದೆ, ಅದರ ಮೇಲೆ ಅನ್ನ, ದಿನಕ್ಕೆ ಮೂರು ಬಾರಿ ಸಕ್ಕರೆ ಹಾಕಿದ ಕಾಫಿ ಎಂದಿನಂತೆಯೇ ನಡೆದಿರುತ್ತವೆ. ಇನ್ನು ಕೆಲವರದು ಇದಕ್ಕೆ ವಿರುದ್ಧವಾದ ನಂಬಿಕೆ. "ಹಣ್ಣಿನದು ಪ್ರಕೃತಿದತ್ತ ಸಕ್ಕರೆ, ಅದರಿಂದ ಏನೂ ಆಗದು" ಎಂದು ಹಲಸಿನ ತೊಳೆಯನ್ನೋ ಮಾವಿನ ಸೀಕರಣೆಯನ್ನೋ ಹೊಟ್ಟೆ ತುಂಬ ತಿನ್ನುತ್ತಾರೆ. ಈ ಎರಡು ಕ್ರಮಗಳೂ ಸರಿಯಲ್ಲ. ಹಣ್ಣು ತಿನ್ನಬೇಕೆ, ಬಿಡಬೇಕೆ ಎಂಬುದಕ್ಕಿಂತ ಯಾವ ಹಣ್ಣು, ಯಾವ ಹದದಲ್ಲಿ, ಎಷ್ಟು ತೂಕ, ಊಟದ ಯಾವ ಭಾಗಕ್ಕೆ ಬದಲಾಗಿ ಎಂಬ ನಾಲ್ಕು ಪ್ರಶ್ನೆಗಳು ಮುಖ್ಯ. ಬೆಳೆಗಾರರಿಗೆ ಇವುಗಳ ಉತ್ತರ ಇತರರಿಗಿಂತ ಬೇಗ ಮನದಟ್ಟಾಗುವುದು. ಏಕೆಂದರೆ ಕಾಯಿ ಹಣ್ಣಾಗುವುದನ್ನು ಅವರು ದಿನವೂ ನೋಡುತ್ತಾರೆ.

ಹಣ್ಣಿನ ಸಕ್ಕರೆ ರಕ್ತ ಸೇರುವ ಬಗೆ

ನಾವು ತಿನ್ನುವ ಆಹಾರದಲ್ಲಿನ ಪಿಷ್ಟ ಮತ್ತು ಸಕ್ಕರೆಗಳನ್ನು ಒಟ್ಟಾಗಿ ಶರ್ಕರಪಿಷ್ಟ ಎನ್ನುತ್ತೇವೆ. ಅಕ್ಕಿ, ರಾಗಿ, ಜೋಳಗಳಲ್ಲಿ ಇದು ಪಿಷ್ಟದ ರೂಪದಲ್ಲಿರುತ್ತದೆ. ಹಣ್ಣುಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹಾಗೂ ಸುಕ್ರೋಸ್ ಎಂಬ ಸಕ್ಕರೆಗಳ ರೂಪದಲ್ಲಿರುತ್ತದೆ. ಜೀರ್ಣವಾದ ಮೇಲೆ ಪಿಷ್ಟವೆಲ್ಲ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ಮುದ್ದೆ ನಾಲಿಗೆಗೆ ಸಿಹಿಯಲ್ಲದಿದ್ದರೂ ರಕ್ತಕ್ಕೆ ಅದು ಸಕ್ಕರೆಯೇ. ಹಣ್ಣಿನಲ್ಲಿರುವ ಫ್ರಕ್ಟೋಸ್ ಮಾತ್ರ ಮೊದಲು ಯಕೃತ್ತಿಗೆ ಹೋಗುವುದರಿಂದ ರಕ್ತದ ಗ್ಲೂಕೋಸನ್ನು ಕೂಡಲೇ ಅಷ್ಟಾಗಿ ಏರಿಸುವುದಿಲ್ಲ. ಹಾಗೆಂದು ಅದನ್ನು ಮಿತಿಮೀರಿ ಸೇವಿಸಿದರೆ ಯಕೃತ್ತಿನಲ್ಲಿ ಕೊಬ್ಬಾಗಿ ಪರಿವರ್ತನೆ ಹೊಂದುತ್ತದೆ.

ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸಿ ಅದನ್ನು ಜೀವಕೋಶಗಳಿಗೆ ತಲುಪಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಸಾಲದು, ಇಲ್ಲವೆ ಇದ್ದರೂ ಸರಿಯಾಗಿ ಕೆಲಸ ಮಾಡದು. ಕಿರಿದಾದ ಕಾಲುವೆಗೆ ನೀರನ್ನು ನಿಧಾನವಾಗಿ ಬಿಟ್ಟರೆ ಹರಿದುಹೋಗುತ್ತದೆ, ಒಮ್ಮೆಲೇ ಬಿಟ್ಟರೆ ಏರಿ ಒಡೆಯುತ್ತದೆ. ಸಕ್ಕರೆಯ ವಿಷಯವೂ ಹೀಗೆಯೇ. ಎಷ್ಟು ಸೇರುತ್ತದೆ, ಎಷ್ಟು ವೇಗವಾಗಿ ಸೇರುತ್ತದೆ ಎಂಬ ಎರಡನ್ನೂ ಗಮನಿಸಬೇಕು. ಹಣ್ಣಿನ ನಾರು ಈ ವೇಗವನ್ನು ತಗ್ಗಿಸುತ್ತದೆ.

ಹಣ್ಣನ್ನು ಪೂರ್ತಿ ಬಿಡಬೇಕಾಗಿಲ್ಲ ಎಂಬುದಕ್ಕೆ ಆಧಾರವಿದೆ. ಹೊಸದಾಗಿ ಕಾಯಿಲೆ ಕಂಡುಬಂದ 63 ಮಂದಿಯನ್ನು ಡೆನ್ಮಾರ್ಕಿನಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಎರಡು ಹಣ್ಣಿಗಿಂತ ಹೆಚ್ಚು ತಿನ್ನಬಾರದೆಂದೂ, ಇನ್ನೊಂದಕ್ಕೆ ಎರಡಾದರೂ ತಿನ್ನಬೇಕೆಂದೂ ಸೂಚಿಸಲಾಯಿತು. 12 ವಾರಗಳ ನಂತರ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆದರೆ ಅವರು ತಿಂದದ್ದು ಲೆಕ್ಕವಿಟ್ಟ ಹಣ್ಣು, ಇಡಿಯಾದ ಹಣ್ಣು ಎಂಬುದನ್ನು ಮರೆಯಬಾರದು.

ಲೆಕ್ಕ ಹಿಡಿಯುವ ಕ್ರಮ

ಹಣ್ಣುಗಳನ್ನು ಒಂದರೊಡನೊಂದು ಹೋಲಿಸಲು 15 ಗ್ರಾಂ ಶರ್ಕರಪಿಷ್ಟವನ್ನು ಒಂದು ಅಳತೆಯಾಗಿ ಇಟ್ಟುಕೊಳ್ಳುವುದು ವಾಡಿಕೆ. ಇದು ಮೂರು ಚಹಾ ಚಮಚ ಸಕ್ಕರೆಗೆ, ಸುಮಾರು 50 ಗ್ರಾಂ ಬೆಂದ ಅನ್ನಕ್ಕೆ, ಇಲ್ಲವೆ ಸುಮಾರು 20 ಗ್ರಾಂ ರಾಗಿಹಿಟ್ಟಿಗೆ ಸಮ. ಈ ಒಂದು ಅಳತೆ ಎಷ್ಟು ಹಣ್ಣಿನಲ್ಲಿ ದೊರೆಯುತ್ತದೆ ಎಂಬುದನ್ನು ಕೆಳಗಿನ ಕೋಷ್ಟಕದಲ್ಲಿ ಕೊಟ್ಟಿದೆ. ಮೊದಲ ಸಂಖ್ಯೆ 100 ಗ್ರಾಂ ತಿರುಳಿನಲ್ಲಿ ನಾರನ್ನು ಬಿಟ್ಟು ಇರುವ ಶರ್ಕರಪಿಷ್ಟ. ಎರಡನೆಯದು 15 ಗ್ರಾಂ ಒದಗಿಸುವ ತಿರುಳಿನ ತೂಕ. ಸಿಪ್ಪೆ, ಬೀಜ ಬಿಟ್ಟು ತೂಗಬೇಕು. ತಳಿ, ಮಣ್ಣು ಮತ್ತು ಹದವನ್ನು ಅನುಸರಿಸಿ ಈ ಅಂಶಗಳು ಹೆಚ್ಚು ಕಡಿಮೆಯಾಗುತ್ತವೆ.

ಕಲ್ಲಂಗಡಿ, ಕರಬೂಜ: 7–8 ಗ್ರಾಂ, 200 ಗ್ರಾಂ
ಪರಂಗಿ (ಪಪ್ಪಾಯಿ): 7–10 ಗ್ರಾಂ, 150 ಗ್ರಾಂ
ಚಕ್ಕೋತ: 9–10 ಗ್ರಾಂ, 150 ಗ್ರಾಂ
ಕಿತ್ತಳೆ, ಮೂಸಂಬಿ: 9–11 ಗ್ರಾಂ, 150 ಗ್ರಾಂ
ಸೀಬೆ (ಪೇರಲ): 9–11 ಗ್ರಾಂ, 150 ಗ್ರಾಂ
ಅನಾನಸ್: 11–13 ಗ್ರಾಂ, 125 ಗ್ರಾಂ
ಸೇಬು: 12–13 ಗ್ರಾಂ, 120 ಗ್ರಾಂ
ನೇರಳೆ: 14–15 ಗ್ರಾಂ, 100 ಗ್ರಾಂ
ದಾಳಿಂಬೆ: 14–15 ಗ್ರಾಂ, 100 ಗ್ರಾಂ
ಮಾವು: 14–17 ಗ್ರಾಂ, 100 ಗ್ರಾಂ
ದ್ರಾಕ್ಷಿ: 16–18 ಗ್ರಾಂ; 90 ಗ್ರಾಂ
ಸಪೋಟ: 15–21 ಗ್ರಾಂ, 80 ಗ್ರಾಂ
ಹಲಸಿನ ಹಣ್ಣು: 20–22 ಗ್ರಾಂ, 70 ಗ್ರಾಂ
ಸೀತಾಫಲ: 20–23 ಗ್ರಾಂ, 70 ಗ್ರಾಂ
ಬಾಳೆ: 20–27 ಗ್ರಾಂ, 65 ಗ್ರಾಂ
ಒಣದ್ರಾಕ್ಷಿ, ಖರ್ಜೂರ: 70ಕ್ಕಿಂತ ಹೆಚ್ಚು, 20 ಗ್ರಾಂ

ಕೋಷ್ಟಕದ ಮೇಲ್ಭಾಗದ ಹಣ್ಣುಗಳನ್ನು ಆರಿಸಿಕೊಂಡರೆ ಹೊಟ್ಟೆಗೆ ಹೆಚ್ಚು, ರಕ್ತಕ್ಕೆ ಕಡಿಮೆ. ಕೆಳಭಾಗದವು ನಿಷಿದ್ಧವಲ್ಲ, ತೂಕ ಕಡಿಮೆಯಾಗಬೇಕು ಅಷ್ಟೆ. ಒಂದು ಪಚ್ಚಬಾಳೆಯ ತಿರುಳು 100 ಗ್ರಾಂ ದಾಟುವುದುಂಟು. ಅದರ ಬದಲು ಒಂದು ಚಿಕ್ಕ ಏಲಕ್ಕಿ ಬಾಳೆ ತಿಂದರೆ ಒಂದು ಅಳತೆಯೊಳಗೇ ಮುಗಿಯುತ್ತದೆ.

ಈ ಪಟ್ಟಿಗೆ ಸೇರದ ಎರಡು ಹಣ್ಣುಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣಿನಲ್ಲಿ ನಾರನ್ನು ಕಳೆದರೆ ಉಳಿಯುವ ಶರ್ಕರಪಿಷ್ಟ 100 ಗ್ರಾಮಿಗೆ ಕೇವಲ 2 ಗ್ರಾಮಿನಷ್ಟು. ಉಳಿದುದು ಹೆಚ್ಚಾಗಿ ನೀರು ಮತ್ತು ಒಳ್ಳೆಯ ಬಗೆಯ ಕೊಬ್ಬು. ಸಕ್ಕರೆ, ಹಾಲು ಬೆರೆಸಿ ಕಡೆದು ಕುಡಿಯದೆ ಉಪ್ಪು, ಮೆಣಸು, ನಿಂಬೆರಸದೊಂದಿಗೆ ತಿಂದರೆ ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ನಿರಪಾಯವಾದ ಹಣ್ಣು ವಿರಳ. ಎರಡನೆಯದು ಬೆಟ್ಟದ ನೆಲ್ಲಿ. ಒಂದೆರಡು ಕಾಯಿಗಳಿಗಿಂತ ಹೆಚ್ಚು ತಿನ್ನಲಾಗದುದರಿಂದ ಅದರ ಸಕ್ಕರೆ ಲೆಕ್ಕಕ್ಕೆ ಬಾರದು. ಆದರೆ ಸಿ ಜೀವಸತ್ವವು 100 ಗ್ರಾಮಿಗೆ ಸುಮಾರು 600 ಮಿಲಿಗ್ರಾಂ ಇರುತ್ತದೆ. ಇದನ್ನೇ ಪಾಕದಲ್ಲಿ ಹಾಕಿ ಮೊರಬ್ಬ ಮಾಡಿದರೆ ಮಾತ್ರ ಅದು ಸಕ್ಕರೆಯ ತಿಂಡಿಯಾಗಿಬಿಡುತ್ತದೆ.

ಸೂಚ್ಯಂಕವೊಂದನ್ನೇ ನಂಬಬಾರದು

1981ರಲ್ಲಿ ಕೆನಡಾದ ಟೊರಾಂಟೋದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸೀಮಿಕ್ ಸೂಚ್ಯಂಕ ಎಂಬ ಅಳತೆಯನ್ನು ಬಳಕೆಗೆ ತಂದರು. ಶುದ್ಧ ಗ್ಲೂಕೋಸಿಗೆ 100 ಎಂದಿಟ್ಟುಕೊಂಡು, ಅಷ್ಟೇ ಶರ್ಕರಪಿಷ್ಟವಿರುವ ಬೇರೆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟರಮಟ್ಟಿಗೆ ಏರಿಸುತ್ತದೆ ಎಂಬುದನ್ನು ಇದು ತಿಳಿಸುತ್ತದೆ. 2008ರ ಅಂತರರಾಷ್ಟ್ರೀಯ ಕೋಷ್ಟಕದಂತೆ ಸೇಬಿನ ಸೂಚ್ಯಂಕ 36, ಕಿತ್ತಳೆಯದು 43, ಬಾಳೆ ಮತ್ತು ಮಾವಿನದು 51, ಅನಾನಸಿನದು 59, ಕಲ್ಲಂಗಡಿಯದು 76, ಖರ್ಜೂರದ್ದು 42.

ಇದನ್ನು ಮಾತ್ರ ನೋಡಿದವರು ಕಲ್ಲಂಗಡಿ ಕೆಟ್ಟದ್ದು, ಖರ್ಜೂರ ಒಳ್ಳೆಯದು ಎಂದುಕೊಂಡಾರು. ಅದು ತಪ್ಪು. ಸೂಚ್ಯಂಕವನ್ನು ಶರ್ಕರಪಿಷ್ಟದ ತೂಕದಿಂದ ಗುಣಿಸಿ 100ರಿಂದ ಭಾಗಿಸಿದರೆ ದೇಹದ ಮೇಲೆ ಬೀಳುವ ನಿಜವಾದ ಹೊರೆ ತಿಳಿಯುತ್ತದೆ. 100 ಗ್ರಾಂ ಕಲ್ಲಂಗಡಿಯಲ್ಲಿ 7.5 ಗ್ರಾಂ ಇದ್ದರೆ ಹೊರೆ ಸುಮಾರು 6. ಅಷ್ಟೇ ತೂಕದ ಖರ್ಜೂರದಲ್ಲಿ 75 ಗ್ರಾಂ ಇದ್ದರೆ ಹೊರೆ ಸುಮಾರು 31. ಆದುದರಿಂದ ಎರಡು ತುಂಡು ಕಲ್ಲಂಗಡಿಗೆ ಹೆದರಬೇಕಾಗಿಲ್ಲ; ಒಂದು ಹಿಡಿ ಖರ್ಜೂರಕ್ಕೆ ಹೆದರಬೇಕು. ಗೊಬ್ಬರದ ಚೀಲದ ಮೇಲಿನ ಶೇಕಡಾಂಶವನ್ನು ಮಾತ್ರ ನೋಡಿ ಎಕರೆಗೆ ಎಷ್ಟು ಚೀಲ ಎಂಬುದನ್ನು ಕೇಳದಿದ್ದರೆ ಆಗುವ ತಪ್ಪೇ ಇಲ್ಲಿಯೂ ಆಗುವುದು.

ಹದ ಮತ್ತು ತಳಿ

ಬಲಿತ ಬಾಳೆಕಾಯಿಯ ತಿರುಳಿನಲ್ಲಿ ಶೇಕಡಾ 20ರಿಂದ 25ರಷ್ಟು ಪಿಷ್ಟ, ಶೇಕಡಾ 1–2ರಷ್ಟು ಮಾತ್ರ ಸಕ್ಕರೆ ಇರುತ್ತವೆ. ಪೂರ್ಣ ಮಾಗಿದಾಗ ಲೆಕ್ಕ ತಿರುಗಿ ಸಕ್ಕರೆ ಶೇಕಡಾ 20ರ ಸಮೀಪಕ್ಕೆ ಬರುತ್ತದೆ, ಪಿಷ್ಟ 1–2ಕ್ಕೆ ಇಳಿಯುತ್ತದೆ. ಹಸಿ ಬಾಳೆಯ ಪಿಷ್ಟದ ಬಹುಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ಹೀಗಾಗಿ ತುದಿಯಲ್ಲಿ ಇನ್ನೂ ತುಸು ಹಸಿರಿರುವ ಬಾಳೆ, ಮೈಮೇಲೆ ಕಪ್ಪು ಚುಕ್ಕೆ ಬಂದ ಬಾಳೆಗಿಂತ ನಿಧಾನವಾಗಿ ಸಕ್ಕರೆಯನ್ನು ಏರಿಸುತ್ತದೆ. ಬೇಯಿಸಿದರೆ ಆ ಪಿಷ್ಟ ಮೆತ್ತಗಾಗಿ ಸುಲಭವಾಗಿ ಜೀರ್ಣವಾಗುವುದರಿಂದ ಬಾಳೆಕಾಯಿ ಪಲ್ಯವನ್ನೂ ಅನ್ನದಂತೆಯೇ ಲೆಕ್ಕಕ್ಕೆ ಹಿಡಿಯಬೇಕು.

ಸೀಬೆಯನ್ನು ಕಡುಹಸಿರು ಹೋಗಿ ತಿಳಿಹಳದಿ ಛಾಯೆ ಬಂದ ಕೂಡಲೇ ಕೊಯ್ಯುವುದು ಮಾರುಕಟ್ಟೆಗೆ ಹೇಗೆ ಯೋಗ್ಯವೋ ರೋಗಿಗೂ ಹಾಗೆಯೇ ಯೋಗ್ಯ. ಗಟ್ಟಿಯಾಗಿರುವ ಈ ಹದದಲ್ಲಿ ಸಿಪ್ಪೆಯ ಸಮೇತ ಅಗಿದು ತಿನ್ನಬೇಕಾಗುತ್ತದೆ. ಮಾವಿನಲ್ಲಿ ಸಿಹಿ ಹೆಚ್ಚಿರುವ ಮಲ್ಲಿಕಾ, ಬಾದಾಮಿಗಳಿಗಿಂತ ತೋತಾಪುರಿಯಲ್ಲಿ ಸಕ್ಕರೆ ಕಡಿಮೆ. ದ್ರಾಕ್ಷಿ ಬೆಳೆಗಾರರ ಬಳಿ ಸಿಹಿ ಅಳೆಯುವ ಕೈ ಉಪಕರಣವಿರುತ್ತದೆ. ಅದರಲ್ಲಿ ಬರುವ ಬ್ರಿಕ್ಸ್ ಅಂಕಿ ರಸದಲ್ಲಿ ಕರಗಿರುವ ಘನಾಂಶವನ್ನು ತೋರಿಸುತ್ತದೆ. ಮಾಗಿದ ಹಣ್ಣಿನಲ್ಲಿ ಇದರ ಬಹುಪಾಲು ಸಕ್ಕರೆಯೇ. ಬೆಲೆ ಕಟ್ಟಲು ಬಳಸುವ ಈ ಅಂಕಿಯನ್ನೇ ಮನೆಯ ರೋಗಿಗೆ ಹಣ್ಣು ಆರಿಸಲೂ ಬಳಸಬಹುದು.

ಹಲಸಿನಲ್ಲಿ ಕಾಯಿ ಮತ್ತು ಹಣ್ಣಿನ ನಡುವಿನ ವ್ಯತ್ಯಾಸ ಇನ್ನೂ ದೊಡ್ಡದು. ಆಂಧ್ರಪ್ರದೇಶದ ಶ್ರೀಕಾಕುಳಂನಲ್ಲಿ 40 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 30 ಗ್ರಾಂ ಹಲಸಿನಕಾಯಿ ಹಿಟ್ಟನ್ನು ಅಷ್ಟೇ ಪ್ರಮಾಣದ ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲು ಬಳಸಿದಾಗ 12 ವಾರಗಳಲ್ಲಿ ಸರಾಸರಿ ಸಕ್ಕರೆ ಇಳಿಯಿತು. ಸಣ್ಣ ಅಧ್ಯಯನವಾದರೂ ಇದರ ಸೂಚನೆ ಸ್ಪಷ್ಟ: ಹಿಟ್ಟನ್ನು ಊಟದ ಜೊತೆಗೆ ಸೇರಿಸಿದ್ದಲ್ಲ, ಊಟದ ಹಿಟ್ಟಿಗೆ ಬದಲಾಗಿ ಬಳಸಿದ್ದು. ಹಲಸಿನ ಹಣ್ಣಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ.

ಅಗಿದು ತಿನ್ನಿ, ಕುಡಿಯಬೇಡಿ

1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ನಡೆದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಹತ್ತು ಮಂದಿ ಆರೋಗ್ಯವಂತರಿಗೆ ಸಮಪ್ರಮಾಣದ ಶರ್ಕರಪಿಷ್ಟವಿರುವಂತೆ ಸೇಬನ್ನು ಇಡಿಯಾಗಿ, ಅರೆದು ಮತ್ತು ರಸವಾಗಿ ಬೇರೆ ಬೇರೆ ದಿನ ಕೊಡಲಾಯಿತು. ರಸವನ್ನು ಇಡೀ ಹಣ್ಣಿಗಿಂತ ಹನ್ನೊಂದು ಪಟ್ಟು ವೇಗವಾಗಿ ಸೇವಿಸಲು ಸಾಧ್ಯವಾಯಿತು. ರಸ ಕುಡಿದಾಗ ಇನ್ಸುಲಿನ್ ಹೆಚ್ಚು ಏರಿ, ನಂತರ ಸಕ್ಕರೆ ಕೆಳಕ್ಕೆ ಕುಸಿಯಿತು. ಹೊಟ್ಟೆ ತುಂಬಿದ ತೃಪ್ತಿಯೂ ಕಡಿಮೆ. ಅಮೆರಿಕದಲ್ಲಿ 1,87,000ಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಇಡೀ ಹಣ್ಣು, ಅದರಲ್ಲಿಯೂ ಸೇಬು, ದ್ರಾಕ್ಷಿಗಳನ್ನು ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆಯಾಗಿಯೂ, ಹಣ್ಣಿನ ರಸ ಹೆಚ್ಚಾಗಿ ಕುಡಿಯುವವರಲ್ಲಿ ತುಸು ಹೆಚ್ಚಾಗಿಯೂ ಕಂಡುಬಂದಿತು.

ಒಂದು ಲೋಟ ಮೂಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅಷ್ಟು ಹಣ್ಣನ್ನು ಸುಲಿದು ತಿನ್ನುವವರು ಅಪರೂಪ. ರಸವಾದರೆ ಎರಡು ಲೋಟವೂ ಇಳಿಯುತ್ತದೆ. ಸೀಕರಣೆ, ಬೆಲ್ಲ ಹಾಕಿದ ಬಾಳೆಹಣ್ಣಿನ ರಸಾಯನ, ಹಣ್ಣು ಬೆರೆಸಿ ಕಡೆದ ಹಾಲು ಇವಕ್ಕೂ ಇದೇ ಮಾತು. ಒಣಗಿಸಿದ ಹಣ್ಣಿನಲ್ಲಿ ನೀರು ಹೋಗಿ ಸಕ್ಕರೆ ಉಳಿಯುತ್ತದೆ. ಸುಮಾರು ನಾಲ್ಕು ಕಿಲೋ ಹಸಿದ್ರಾಕ್ಷಿಯಿಂದ ಒಂದು ಕಿಲೋ ಒಣದ್ರಾಕ್ಷಿ ದೊರೆಯುತ್ತದೆ ಎಂಬುದನ್ನು ವಿಜಯಪುರದ ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಊಟದೊಂದಿಗೆ ಹೊಂದಾಣಿಕೆ

ನಮ್ಮ ಜನರ ಆಹಾರಶಕ್ತಿಯಲ್ಲಿ ಸುಮಾರು ಶೇಕಡಾ 62 ಭಾಗ ಶರ್ಕರಪಿಷ್ಟದಿಂದ ಬರುತ್ತದೆಂದು 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ತಿಳಿಸಿದೆ. ಇದರ ದೊಡ್ಡ ಪಾಲು ಧಾನ್ಯ ಮತ್ತು ಸಕ್ಕರೆಯದು, ಹಣ್ಣಿನದಲ್ಲ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವಿದೆ. ಎರಡು ಮುದ್ದೆ ತಿಂದು ಹಣ್ಣನ್ನು ಬಿಟ್ಟರೆ ಪ್ರಯೋಜನವಿಲ್ಲ. ಮುದ್ದೆಯಲ್ಲಿ ಕಾಲುಭಾಗ ಕಡಿಮೆ ಮಾಡಿದರೆ ಒಂದು ಸೀಬೆಹಣ್ಣಿಗೆ ಜಾಗವಾಯಿತು. ಅರ್ಧ ಕಡಿಮೆ ಮಾಡಿ ಕಾಳು, ಸೊಪ್ಪು, ಮೊಟ್ಟೆ ಅಥವಾ ಮಜ್ಜಿಗೆಯನ್ನು ಹೆಚ್ಚಿಸಿದರೆ ಇನ್ನೂ ಉತ್ತಮ.

ಶರ್ಕರಪಿಷ್ಟವನ್ನು ದಿನಕ್ಕೆ 130 ಗ್ರಾಮಿಗಿಂತ ಕೆಳಗಿಳಿಸಿದ ಆಹಾರವನ್ನು ಸಾಮಾನ್ಯವಾಗಿ ಕಡಿಮೆ ಶರ್ಕರಪಿಷ್ಟದ ಆಹಾರ ಎನ್ನುತ್ತಾರೆ. ಇಂಥವರಿಗೆ ದಿನಕ್ಕೆ ಒಂದು ಅಳತೆ, ಹೆಚ್ಚೆಂದರೆ ಎರಡು ಅಳತೆ ಹಣ್ಣು ಹೊಂದುತ್ತದೆ. ಇನ್ನೂ ಕಟ್ಟುನಿಟ್ಟಾಗಿ 50 ಗ್ರಾಮಿನೊಳಗೆ ಇರುವವರು ಬೆಣ್ಣೆಹಣ್ಣು, ನೆಲ್ಲಿ, ನಿಂಬೆ, ಅರ್ಧ ಸೀಬೆ ಇಷ್ಟರಲ್ಲಿಯೇ ತೃಪ್ತಿಪಡಬೇಕಾಗುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸದೆ ಊಟವನ್ನು ಒಮ್ಮೆಲೇ ಇಳಿಸಕೂಡದು. ಔಷಧಿಯ ಪ್ರಮಾಣವನ್ನೂ ಇಳಿಸದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಎರಡು ಅಳತೆಯನ್ನೂ ಒಟ್ಟಿಗೆ ತಿನ್ನದೆ ಬೆಳಗ್ಗೆ ಒಂದು, ಸಂಜೆ ಒಂದು ಎಂದು ಹಂಚಿಕೊಳ್ಳಬೇಕು. ಒಂದು ಹಿಡಿ ಕಡಲೆಕಾಯಿಯೊಡನೆ ತಿಂದರೆ ಸಕ್ಕರೆ ಇನ್ನೂ ನಿಧಾನವಾಗಿ ಏರುತ್ತದೆ.

ನಿಮ್ಮ ದೇಹವೇ ಪ್ರಯೋಗ ತಾಕು

ಒಂದೇ ಹಣ್ಣು ಇಬ್ಬರಲ್ಲಿ ಒಂದೇ ಬಗೆಯಾಗಿ ಸಕ್ಕರೆ ಏರಿಸುವುದಿಲ್ಲ. ಮನೆಯಲ್ಲಿ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಇದ್ದವರು ತಾವೇ ಪರೀಕ್ಷಿಸಿ ನೋಡಬಹುದು. ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಅಳೆದು ಬರೆದಿಡಬೇಕು. ಎರಡನೆಯ ಅಂಕಿ 180 ಮಿಲಿಗ್ರಾಮಿಗಿಂತ ಕೆಳಗಿರುವುದು ಬಹುಪಾಲು ರೋಗಿಗಳಿಗೆ ಇಟ್ಟುಕೊಂಡಿರುವ ಗುರಿ. ನಿಮ್ಮ ಗುರಿಯನ್ನು ವೈದ್ಯರಿಂದ ತಿಳಿಯಿರಿ. ಗೊಬ್ಬರದ ಪ್ರಯೋಗದಲ್ಲಿ ತಳಿ, ನೀರು, ಗೊಬ್ಬರ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರ ಫಲವೆಂದು ತಿಳಿಯದು. ಇಲ್ಲಿಯೂ ಅಷ್ಟೆ. ಊಟ, ಕೆಲಸ, ಮಾತ್ರೆಗಳನ್ನು ಒಂದೇ ಸಮನಾಗಿಟ್ಟು ಹಣ್ಣನ್ನು ಮಾತ್ರ ಬದಲಿಸಬೇಕು. ಒಂದೇ ದಿನದ ಅಂಕಿಯಿಂದ ತೀರ್ಮಾನಕ್ಕೆ ಬರದೆ ಎರಡು ಮೂರು ಬಾರಿ ನೋಡಬೇಕು.

ಎಚ್ಚರಿಕೆಗಳು

1. ಹೊಲದಲ್ಲಿ ದುಡಿಯುವಾಗ ಬೆವರು, ನಡುಕ, ಕಣ್ಣುಕತ್ತಲೆ ಬಂದರೆ ಸಕ್ಕರೆ ಇಳಿದಿರಬಹುದು. ಆಗ ಮೂರು ಚಮಚ ಸಕ್ಕರೆಯನ್ನೋ ಅರ್ಧ ಲೋಟ ಸಿಹಿ ರಸವನ್ನೋ ಕೂಡಲೇ ಕೊಡಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಇದೊಂದು ಸಂದರ್ಭದಲ್ಲಿ ರಸವೇ ಔಷಧಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳುವುದು ಲೇಸು.

2. ನೇರಳೆ ಹಣ್ಣು ಒಳ್ಳೆಯದೇ. ಆದರೆ ನೇರಳೆ ಬೀಜದ ಪುಡಿಯನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ಆಗುವ ಹಾನಿ ಹೊರಗೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ.

3. ಮೂತ್ರಪಿಂಡದ ತೊಂದರೆ ಇರುವವರು ಧಾರೆಹುಳಿಯನ್ನು (ನಕ್ಷತ್ರ ಹಣ್ಣು) ಸಂಪೂರ್ಣವಾಗಿ ಬಿಡಬೇಕು. ಅದರಲ್ಲಿನ ವಿಷಾಂಶ ಅಂಥವರ ಮೆದುಳಿಗೆ ಏರುತ್ತದೆ. ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಬಾಳೆ, ಬೆಣ್ಣೆಹಣ್ಣುಗಳನ್ನೂ ವೈದ್ಯರನ್ನು ಕೇಳಿಯೇ ಸೇವಿಸಬೇಕು.

4. ಚಕ್ಕೋತವು ಕೆಲವು ಔಷಧಿಗಳ ಅಂಶವನ್ನು ರಕ್ತದಲ್ಲಿ ಏರಿಸಬಲ್ಲದು. ಕೊಬ್ಬು ಇಳಿಸುವ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಈ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬೇಕು.

ಹಿತ್ತಲಲ್ಲಿ ಏನನ್ನು ನೆಡಬೇಕು?

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಹಿತ್ತಲಿನ ಗಿಡಗಳನ್ನೂ ಆ ದೃಷ್ಟಿಯಿಂದ ಆರಿಸಬಹುದು. ಎರಡು ಸೀಬೆ, ನಾಲ್ಕು ಪರಂಗಿ, ಒಂದು ನಿಂಬೆ, ಎರಡು ನೆಲ್ಲಿ, ಬದುವಿನಲ್ಲಿ ಒಂದು ನೇರಳೆ ಇದ್ದರೆ ಒಂದು ಕುಟುಂಬಕ್ಕೆ ಸಾಕು. ಸೀಬೆಗೆ 6 ಮೀಟರ್, ಪರಂಗಿಗೆ 1.8 ಮೀಟರ್, ನೇರಳೆಗೆ 10 ಮೀಟರ್ ಅಂತರ ಬೇಕು. ನೆಲ್ಲಿಯಲ್ಲಿ ಒಂದೇ ತಳಿಯನ್ನು ನೆಟ್ಟರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲವಾದ್ದರಿಂದ ಎರಡು ಬೇರೆ ತಳಿಯ ಕಸಿಗಿಡಗಳನ್ನು ನೆಡಬೇಕು. ಪರಂಗಿಯ ಬುಡದಲ್ಲಿ ನೀರು ನಿಲ್ಲಬಾರದು. ಮಲೆನಾಡಿನವರು ನೀರು ಬಸಿಯುವ ಇಳಿಜಾರಿನಲ್ಲಿ ಬೆಣ್ಣೆಹಣ್ಣನ್ನು ಸೇರಿಸಿಕೊಳ್ಳಬಹುದು. ದೇವನಹಳ್ಳಿಯ ಸುತ್ತಿನವರಿಗೆ ಚಕ್ಕೋತ ಮನೆಯ ಹಣ್ಣೇ ಆಗಿದೆ.

ಹೀಗೆ ಮಾಡಿದರೆ ಬೇಸಿಗೆಯ ಕೊನೆಗೆ ನೇರಳೆ, ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಸೀಬೆ, ಚಳಿಗಾಲದಲ್ಲಿ ನೆಲ್ಲಿ, ವರ್ಷವಿಡೀ ಪರಂಗಿ ಮತ್ತು ನಿಂಬೆ ದೊರೆಯುತ್ತವೆ. ಮಾವು, ಹಲಸುಗಳ ಕಾಲ ಬಂದಾಗ ಮನೆಯವರೊಡನೆ ರೋಗಿಯೂ ಕುಳಿತು ಒಂದೆರಡು ಹೋಳು ಮಾವು ಇಲ್ಲವೆ ಎರಡು ಮೂರು ತೊಳೆ ಹಲಸು ತಿನ್ನಲಿ. ಆ ದಿನ ತಟ್ಟೆಯಲ್ಲಿ ಅನ್ನ ಅಷ್ಟು ಕಡಿಮೆಯಿರಲಿ.